ಅಜ್ಜಿಯ ಸತ್ಯವೇದವನ್ನು ಯಾರಿಗೂ ಕೊಡಬೇಡಿ

‘ಅಜ್ಜಿಯ ಹಳೇ ಸತ್ಯವೇದ ಮಕ್ಕಳಿಗೆ ಅರ್ಥವಾಗುತ್ತಿಲ್ಲ. ಹೊಸ ಅನುವಾದ ಕೊಂಡು ಇದನ್ನು ಯಾರಿಗಾದರೂ ಕೊಟ್ಟುಬಿಡಲಾ? ಯಾವ ಬೈಬಲ್ ಸರಿ?’ ಎಂದು ಹಾಸನದ ಓದುಗರೊಬ್ಬರು ಕೇಳಿದ್ದಾರೆ.

ಸಂಪಾದಕರ ಉತ್ತರ: ಹೊಸದನ್ನು ಖಂಡಿತ ಕೊಳ್ಳಿ. ಹಳೇದನ್ನು ಮಾತ್ರ ಕೊಡಬೇಡಿ.

ನಮ್ಮ ಮನೆಯಲ್ಲೂ ಅದೇ ಸತ್ಯವೇದವಿತ್ತು. ಕಪ್ಪು ರಟ್ಟು, ಹಾಳೆಗಳ ಅಂಚಿಗೆ ಕೆಂಪು ಬಣ್ಣ. ಮಳೆಗಾಲದಲ್ಲಿ ಆ ಬಣ್ಣ ಬೆರಳಿಗೆ ಅಂಟುತ್ತಿತ್ತು. ಹಾಳೆ ಎಷ್ಟು ತೆಳು ಅಂದರೆ ಹಿಂದಿನ ಪುಟದ ಅಕ್ಷರಗಳು ಈಚೆಗೆ ಕಾಣುತ್ತಿದ್ದವು. ಅಪ್ಪ ಸಾಲಿನ ಕೆಳಗೆ ಬೆರಳಿಟ್ಟುಕೊಂಡೇ ಓದುತ್ತಿದ್ದರು. ಸಂಜೆ ಪ್ರಾರ್ಥನೆಗೆ ಕೂತಾಗ ‘ಯೆಹೋವನು ನನಗೆ ಕುರುಬನು; ಕೊರತೆಪಡೆನು’ ಎಂದು ಅವರು ಶುರುಮಾಡಿದರೆ ಸಾಕು, ನಾವೆಲ್ಲ ಪುಸ್ತಕ ನೋಡದೆ ಮುಂದುವರಿಸುತ್ತಿದ್ದೆವು. ಗಟ್ಟಿಯಾಗಿ ಓದಲು ಆ ಕನ್ನಡವೇ ಚೆಂದ.

ಕಾಲೇಜಿನಲ್ಲಿ ಕಥೋಲಿಕ ಗೆಳೆಯನೊಬ್ಬ ತನ್ನ ಬೈಬಲ್ ಕೊಟ್ಟ. ಪ್ರೊಟೆಸ್ಟಂಟರಾದ ನಮ್ಮ ಬೈಬಲಿನೊಳಗೆ 66 ಪುಸ್ತಕ, ಅದರಲ್ಲಿ 73. ಪರರಾಜರ ವಿರುದ್ಧ ದಂಗೆಯೆದ್ದ ಯೆಹೂದ್ಯ ವೀರರು ಮಕ್ಕಬಿಯರು; ಅವರ ಹೆಸರನ್ನೇ ನಾನು ಕೇಳಿರಲಿಲ್ಲ. ಆ ಯುದ್ಧದ ಕಥೆ ಹಿಡಿದವನು ರಾತ್ರಿಯೆಲ್ಲ ಕೆಳಗಿಡಲಿಲ್ಲ. ಬೈಬಲಿನ ಎರಡು ಭಾಗಗಳಾದ ಹಳೆಯ ಮತ್ತು ಹೊಸ ಒಡಂಬಡಿಕೆಗಳ ನಡುವಿನ ಕಾಲದಲ್ಲಿ ಯೆಹೂದ್ಯರು ಏನೇನು ಅನುಭವಿಸಿದರು ಅನ್ನುವುದು ಆಗ ತಿಳಿಯಿತು.

ಆಮೇಲೆ ಸರಳ ಕನ್ನಡದ್ದೊಂದು ಕೊಂಡೆ. ಹೊಸ ಒಡಂಬಡಿಕೆಯಲ್ಲಿರುವ ಅಪೊಸ್ತಲ ಪೌಲನ ಪತ್ರಗಳಿಗೆ ಅದು ಬೇಕೇ ಬೇಕು. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಒಂದೊಂದು ವಾಕ್ಯ ಮುಗಿಯುವಷ್ಟರಲ್ಲಿ ಎಲ್ಲಿ ಶುರುವಾಯಿತು ಅನ್ನುವುದೇ ಮರೆತುಹೋಗುತ್ತದೆ, ಅಲ್ವಾ? ಸರಳ ಅನುವಾದ ಅದನ್ನು ಬಿಡಿಬಿಡಿಯಾಗಿ ಹೇಳುತ್ತದೆ. ಆದರೆ ಕೀರ್ತನೆಗಳಿಗೆ ನಾನು ಈಗಲೂ ಹಳೇದನ್ನೇ ತೆಗೆಯುತ್ತೇನೆ.

ಯಾವುದು ಸರಿ ಅನ್ನುವ ಚಿಂತೆ ಬೇಡ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ ಅವರ ಪೂರ್ತಿ ಕನ್ನಡ ಬೈಬಲ್ ಬಂದದ್ದು 1831ರಲ್ಲಿ. ಮುಂದೆ ಬಾಸೆಲ್ ಮಿಷನ್ನಿನ ಪಾದ್ರಿ ವೈಗ್ಲೆ ಅದನ್ನು ತಿದ್ದಲು ಕೂತರು. ನಿಮ್ಮ ಅಜ್ಜಿಯ ಪ್ರತಿಯೂ ಹಾಗೆ ತಿದ್ದಿ ತಿದ್ದಿ ಬಂದದ್ದೇ.

ಬೆಂಗಳೂರಿಗೆ ಬಂದಾಗ ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ಸುಮ್ನೆ ರಟ್ಟು ನೋಡಿ ಕೊಳ್ಳಬೇಡಿ, ಅವರ ಕೈಲೇ ಒಂದು ಪುಟ ಓದಿಸಿ. ಮೊದಲು ಮಾರ್ಕನ ಸುವಾರ್ತೆ ಓದಲಿ. ಬರೀ 16 ಅಧ್ಯಾಯ. ಅಜ್ಜಿಯ ಪುಸ್ತಕದ ಹೊಲಿಗೆ ಬಿಟ್ಟಿದ್ದರೆ ಬೈಂಡಿಂಗ್ ಮಾಡಿಸಿ. ಟೇಪ್ ಮಾತ್ರ ಹಚ್ಚಬೇಡಿ, ಅದರ ಅಂಟು ಹಾಳೆಯನ್ನು ಹಾಳುಮಾಡುತ್ತದೆ.