ಅಜ್ಜಿಯನ್ನು ಕಂಡರೆ ಮಗ ಹೆದರುತ್ತಾನೆ, ಹಾರರ್ ಸಿನಿಮಾ ನಿಲ್ಲಿಸಲಾ?

ಪತ್ರ: ನಮ್ಮದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಮನೆ. ಊರು ಕುಮಟಾ ಕಡೆ. ಮಾವ ಹೋದ ಮೇಲೆ ಅತ್ತೆಯನ್ನು ಇಲ್ಲಿಗೇ ಕರೆತಂದೆವು. ಒಂದು ವರ್ಷದಿಂದ ಅವರಿಗೆ ಮರೆವು ಜಾಸ್ತಿ. ರಾತ್ರಿ ಎದ್ದು ಕೊಟ್ಟಿಗೆ ಬಾಗಿಲು ಹಾಕಬೇಕು ಅಂತ ಹೊರಡುತ್ತಾರೆ. ನನ್ನ 13 ವರ್ಷದ ಮಗನನ್ನು, ಚಿಕ್ಕಂದಿನಲ್ಲೇ ತೀರಿಹೋದ ತಮ್ಮನ ಹೆಸರು ಹಿಡಿದು ಕರೆಯುತ್ತಾರೆ. ಹಾಲ್‌ನಲ್ಲಿ ಅಜ್ಜಿ ಪಕ್ಕ ಮಲಗುತ್ತಿದ್ದವನು ಈಗ ‘ಅದು ಅಜ್ಜಿ ಅಲ್ಲ’ ಅನ್ನುತ್ತಾನೆ. ಮೊಬೈಲಿನಲ್ಲಿ ಹಾರರ್ ಸಿನಿಮಾ ಮಾತ್ರ ಬಿಡುವುದಿಲ್ಲ. ಎಲ್ಲಾ ಅದರಿಂದಲೇ, ಮೊಬೈಲ್ ಕಿತ್ತುಕೋ ಅನ್ನುತ್ತಾರೆ ಯಜಮಾನರು. ನಿಜ ಹೇಳಬೇಕೆಂದರೆ ರಾತ್ರಿ ಅತ್ತೆ ಎದ್ದರೆ ನನಗೂ ಎದೆ ಡವಡವ ಅನ್ನುತ್ತದೆ. ಇದನ್ನು ಯಾರಿಗೂ ಹೇಳಿಲ್ಲ. ಏನು ಮಾಡಲಿ?

ತಂಗಿ, ಮೊಬೈಲ್ ವಿಚಾರ ಆಮೇಲೆ. ಅಜ್ಜಿಗೆ ಏನಾಗಿದೆ ಅಂತ ಮಗನಿಗೆ ಯಾರಾದರೂ ಕೂರಿಸಿಕೊಂಡು ಹೇಳಿದ್ದೀರಾ? ನಿಮ್ಮ ಪತ್ರದಲ್ಲಿ ಅದು ಎಲ್ಲೂ ಕಾಣಲಿಲ್ಲ.

ಅವನ ಜಾಗದಲ್ಲಿ ನಿಂತು ನೋಡಿ. ದಿನಾ ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದ ಅಜ್ಜಿ ನಡುರಾತ್ರಿ ತಲೆ ಹತ್ತಿರ ನಿಂತು, ಎಂದೋ ಸತ್ತುಹೋದ ಹುಡುಗನ ಹೆಸರು ಕೂಗುತ್ತಾರೆ. ಬೆಳಗಾದರೆ ಮನೆಯಲ್ಲಿ ಯಾರೂ ಆ ಮಾತೇ ಎತ್ತುವುದಿಲ್ಲ. ಅಪ್ಪ ಲೋಕಲ್ ಹಿಡಿಯಲು ಓಡುತ್ತಾರೆ, ಅಮ್ಮ ಡಬ್ಬಿ ತುಂಬುತ್ತಾರೆ. ದೊಡ್ಡವರೇ ಸುಮ್ಮನಿದ್ದಾರೆ ಅಂದರೆ ಇದು ಹೇಳಬಾರದಷ್ಟು ಕೆಟ್ಟದ್ದೇ ಇರಬೇಕು ಅಂತ ಅವನು ಅಂದುಕೊಳ್ಳುತ್ತಾನೆ, ಅಲ್ವಾ? ಭಯ ಮೊದಲೇ ಇತ್ತು, ಸಿನಿಮಾದಲ್ಲಿ ಅದಕ್ಕೊಂದು ಮುಖ ಸಿಕ್ಕಿತು. ಅಲ್ಲಿನ ಭಯ ಎರಡು ಗಂಟೆಗೆ ಮುಗಿಯುತ್ತದೆ, ಬೇಕೆನಿಸಿದಾಗ ನಿಲ್ಲಿಸಬಹುದು. ನಿಮ್ಮ ಹಾಲ್‌ನಲ್ಲಿರುವುದು ಯಾವಾಗ ಮುಗಿಯುತ್ತದೆ ಅಂತ ಅವನಿಗೆ ಯಾರೂ ಹೇಳಿಲ್ಲ.

ಒಳ್ಳೆಯ ಹಾರರ್ ಸಿನಿಮಾಗಳ ದೆವ್ವ ಸ್ಮಶಾನದಿಂದ ಬರುವುದಕ್ಕಿಂತ ಮನೆಯ ಒಳಕೋಣೆಯಿಂದ ಬರುವುದೇ ಜಾಸ್ತಿ. ಕೊಂಕಣದ ಕಥೆಯಾದ 2018ರ ‘ತುಂಬಾಡ್’ನಲ್ಲಿ ಮೊದಲ ಭಯ ಹುಟ್ಟುವುದು ಸರಪಳಿ ಹಾಕಿ ಬಚ್ಚಿಟ್ಟ ಒಬ್ಬ ಮುದುಕಿಯಿಂದ. ಅವಳಿಗೆ ಉಣಿಸುವ ಸರದಿ ಬರುವುದು ಒಬ್ಬ ಹುಡುಗನಿಗೆ. ಇನ್ನು 2020ರ ಆಸ್ಟ್ರೇಲಿಯದ ‘ರೆಲಿಕ್’ ಅಂತೂ ನಿಮ್ಮದೇ ಮನೆ ಅನ್ನಬಹುದು. ಅಜ್ಜಿ, ಮಗಳು, ಮೊಮ್ಮಗಳು. ಅಜ್ಜಿಗೆ ಮರೆವು. ಮನೆ ತುಂಬ ನೆನಪಿನ ಚೀಟಿಗಳು, ಗೋಡೆಯಲ್ಲಿ ಹಬ್ಬುತ್ತಲೇ ಹೋಗುವ ಕಪ್ಪು ಬೂಷ್ಟು. ನಿರ್ದೇಶಕಿ ನಟಾಲಿ ಎರಿಕಾ ಜೇಮ್ಸ್ ಅವರ ಅಜ್ಜಿಗೆ ಜಪಾನಿನಲ್ಲಿ ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಇತ್ತು, ಕಥೆ ಹುಟ್ಟಿದ್ದು ಅಲ್ಲಿಂದ. ಕೊನೆ ಹೇಳಿಬಿಡುತ್ತೇನೆ, ನಿಮಗೆ ಅದೇ ಬೇಕಾಗಿರುವುದು. ಅಜ್ಜಿ ಗುರುತೇ ಸಿಗದ ಹಾಗೆ ಬದಲಾಗಿರುತ್ತಾಳೆ. ತಪ್ಪಿಸಿಕೊಂಡು ಓಡಬಹುದಾಗಿದ್ದ ಮಗಳು ಹೋಗುವುದಿಲ್ಲ, ಅವಳನ್ನು ಎತ್ತಿಕೊಂಡು ಹೋಗಿ ಹಾಸಿಗೆಯಲ್ಲಿ ಪಕ್ಕ ಮಲಗುತ್ತಾಳೆ. ಆ ದೃಶ್ಯ ನೋಡಿ ನಾನು ಅತ್ತಿದ್ದೇನೆ. ಇದನ್ನು ಮಗನಿಗೆ ಈಗ ತೋರಿಸಬೇಡಿ, ಆ ವಯಸ್ಸಿಗೆ ಭಾರ. ನೀವಿಬ್ಬರು ದಂಪತಿ ನೋಡಿ.

ಅತ್ತೆಯನ್ನು ಡಾಕ್ಟರಿಗೆ ತೋರಿಸಿದ್ದೀರಾ ಅಂತಲೂ ನೀವು ಬರೆದಿಲ್ಲ. ಅರವತ್ತಕ್ಕೆ ಅರಳು ಮರುಳು ಅಂತ ದಯವಿಟ್ಟು ಬಿಡಬೇಡಿ. ವಿಟಮಿನ್ ಬಿ12 ಕಡಿಮೆಯಾದರೂ, ಥೈರಾಯ್ಡ್ ತೊಂದರೆ ಇದ್ದರೂ ಮರೆವು ಬರಬಹುದು, ಅದಕ್ಕೆ ಔಷಧಿ ಇದೆ. ಮೂತ್ರದ ಸೋಂಕಾದರೆ ವಯಸ್ಸಾದವರಿಗೆ ಇದ್ದಕ್ಕಿದ್ದಂತೆ ಗೊಂದಲ ಹೆಚ್ಚಬಹುದು. ಡಿಮೆನ್ಷಿಯಾ, ಅಂದರೆ ಮಿದುಳಿನ ಶಕ್ತಿ ಕುಂದಿ ಬರುವ ಮರೆವು, ಆಗಿದ್ದರೆ ಸಂಜೆಯಾದ ಮೇಲೆ ಕಳವಳ ಜಾಸ್ತಿಯಾಗುವುದು ತೀರಾ ಸಾಮಾನ್ಯ. ನಿಮ್ಮ ಸೆಂಟ್ರಲ್ ರೈಲು ಲೈನಿನಲ್ಲೇ ಸಾಯನ್ ಆಸ್ಪತ್ರೆ ಇದೆ, ನರರೋಗ ವಿಭಾಗದಲ್ಲಿ ತೋರಿಸಿ. ಡಾಕ್ಟರು ಹೇಳಿದ ಕಾಯಿಲೆಯ ಹೆಸರನ್ನು ಮಗನಿಗೂ ಹೇಳಿ. ಸಾಧ್ಯವಾದರೆ ಅವನನ್ನೂ ಕರೆದುಕೊಂಡು ಹೋಗಿ.

ಮಗ ಇವತ್ತಿನಿಂದಲೇ ನಿಮ್ಮ ಕೋಣೆಯಲ್ಲಿ ಮಲಗಲಿ. ಹಾಲ್‌ನಲ್ಲಿ ತಾಯಿಯ ಪಕ್ಕ ನಿಮ್ಮ ಯಜಮಾನರು ಮಲಗಲಿ. ರಾತ್ರಿ ಕಾವಲು 13 ವರ್ಷದ ಹುಡುಗನ ಕೆಲಸವೂ ಅಲ್ಲ, ಸೊಸೆಯೊಬ್ಬಳ ಕೆಲಸವೂ ಅಲ್ಲ. ಸಣ್ಣ ದೀಪ ಉರಿಯಲಿ, ಹೊರಬಾಗಿಲಿಗೆ ಮೇಲೊಂದು ಚಿಲಕ ಹಾಕಿಸಿ. ಮೊಬೈಲ್ ಕಿತ್ತುಕೊಳ್ಳಬೇಡಿ. ಆದರೆ ರಾತ್ರಿ ಹೊದಿಕೆಯೊಳಗೆ ಒಬ್ಬನೇ ನೋಡುವುದು ನಿಲ್ಲಲಿ, ದೊಡ್ಡವರಿಗೆ ಮಾತ್ರ ಅಂತ ಇರುವ ಸಿನಿಮಾಗಳೂ ಬೇಡ. ಭಾನುವಾರ ಮಧ್ಯಾಹ್ನ ನೀವೂ ಜೊತೆಗೆ ಕೂತು ಅವನ ವಯಸ್ಸಿಗೆ ಒಪ್ಪುವಂಥದ್ದು ನೋಡಿ. ಯಾವುದಕ್ಕೆ ಹೆದರಿಕೆ ಆಯ್ತು ಅಂತ ಕೇಳಿ, ಉಪದೇಶ ಬೇಡ.

ಆಗಲೇ ನಿಮ್ಮ ಎದೆ ಡವಡವದ ವಿಷಯವನ್ನೂ ಅವನಿಗೆ ಹೇಳಿ. ಅಮ್ಮನಿಗೂ ಭಯ ಆಗುತ್ತದೆ, ಆದರೂ ಅಮ್ಮ ಅಜ್ಜಿಗೆ ನೀರು ಕೊಡುತ್ತಾಳೆ ಅಂತ ಅವನಿಗೆ ಗೊತ್ತಾಗಲಿ. ಅತ್ತೆ ಬಗ್ಗೆ ಭಯಪಟ್ಟರೆ ನೀವು ಕೆಟ್ಟ ಸೊಸೆ ಆಗುವುದಿಲ್ಲ, ತಂಗಿ.

ಮುಂದಿನ ಸಲ ಅವರು ಕೊಟ್ಟಿಗೆ ಅಂತ ಎದ್ದಾಗ ‘ಇದು ಡೊಂಬಿವಲಿ’ ಅಂತ ವಾದ ಮಾಡಬೇಡಿ. ‘ಬಾಗಿಲು ಹಾಕಿ ಬಂದೆ ಅತ್ತೆ, ದನ ಮಲಗಿದೆ’ ಅಂದು ನೋಡಿ. ಕೋಣೆಯೊಳಗಿಂದ ಮಗನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿ.