ಮೊದಲ ಸಲ ಮಸಾಜ್ ಥೆರಪಿಗೆ ಹೋಗುವಾಗ ಏನೇನು ತಯಾರಿ ಬೇಕು?

ತಯಾರಿ ಜಾಸ್ತಿ ಏನೂ ಬೇಡ. ಆದರೆ ನಿಮ್ಮ ಆರೋಗ್ಯದ ವಿಷಯವನ್ನು ಮಾತ್ರ ಮುಚ್ಚಿಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ಒಂದೇ ಕಾಲು ಊದಿಕೊಂಡು ನೋಯುತ್ತಿದೆಯಾ? ಹಾಗಿದ್ದರೆ ಮಸಾಜ್ ಬೇಡ, ಮೊದಲು ಡಾಕ್ಟರ್ ಹತ್ತಿರ ಹೋಗಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ, ಒತ್ತಿದಾಗ ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಜ್ವರ ಅಥವಾ ಚರ್ಮದ ಸೋಂಕು ಇದ್ದರೆ ಇನ್ನೊಂದು ದಿನ ಹೋಗಿ. ಎಣ್ಣೆ, ಕ್ರೀಮ್ ಅಲರ್ಜಿ ಇದ್ದರೆ ಅದನ್ನೂ ತಿಳಿಸಿ.

ಹೊಟ್ಟೆ ತುಂಬ ಊಟ ಮಾಡಿ ಬೋರಲು ಮಲಗುವುದು ಕಷ್ಟ. ಹಾಗಾಗಿ ಒಂದೆರಡು ಗಂಟೆ ಮುಂಚೆ ಹಗುರವಾಗಿ ತಿನ್ನಿ. ಫಾರ್ಮ್ ತುಂಬಲು 10-15 ನಿಮಿಷ ಮೊದಲೇ ತಲುಪಿ.

ಬಟ್ಟೆ ಬಗ್ಗೆ ಬಹಳ ಜನ ಸಂಕೋಚಪಡುತ್ತಾರೆ, ಅದು ಸಹಜ ಅಲ್ವಾ? ನಿಮಗೆ ಎಷ್ಟು ಸರಿ ಅನಿಸುತ್ತದೋ ಅಷ್ಟೇ ತೆಗೆಯಿರಿ. ಮೈಮೇಲೆ ಹೊದಿಕೆ ಇರುತ್ತದೆ, ಮಸಾಜ್ ಮಾಡುವ ಭಾಗದ ಮೇಲಿಂದ ಮಾತ್ರ ಅದನ್ನು ಸರಿಸುತ್ತಾರೆ. ಯಾವ ಭಾಗ ಮುಟ್ಟುವುದು ಬೇಡ ಅಂತ ಮೊದಲೇ ಹೇಳಬಹುದು. ನೋವಾದರೆ ಹಲ್ಲು ಕಚ್ಚಿ ಸುಮ್ನೆ ಮಲಗಬೇಡಿ. "ಸ್ವಲ್ಪ ಮೆಲ್ಲಗೆ ಒತ್ತಿ" ಅನ್ನಿ. ಏನೇ ಸರಿ ಅನಿಸದಿದ್ದರೂ ಅರ್ಧಕ್ಕೇ ನಿಲ್ಲಿಸಲು ಹೇಳುವ ಹಕ್ಕು ನಿಮಗಿದೆ. ದಯವಿಟ್ಟು ಇದನ್ನು ಮರೆಯಬೇಡಿ.

ಮುಗಿದ ಮೇಲೆ ತಟ್ಟನೆ ಏಳಬೇಡಿ, ತಲೆ ಸುತ್ತಬಹುದು. ಒಂದೆರಡು ದಿನ ಮೈಕೈ ನೋವು ಇರಬಹುದು, ತಾನಾಗಿಯೇ ಹೋಗುತ್ತದೆ. ನೋವು ಅದಕ್ಕಿಂತ ಹೆಚ್ಚು ದಿನ ಉಳಿದರೆ ಡಾಕ್ಟರಿಗೆ ತೋರಿಸಿ.