ಮಗುವಿನ ಫಿಟ್ಸ್: ಮಾತ್ರೆಯೂ ಬೇಕು, ತಕ್ಕಡಿಯೂ ಬೇಕು

ಮಕ್ಕಳ ಮೂರ್ಛೆರೋಗದ ಬಗ್ಗೆ ಕೊಡಗಿನ ಓದುಗರು ಕೇಳಿದ ಪ್ರಶ್ನೆಗಳಿಗೆ ಮಕ್ಕಳ ನರರೋಗ ವೈದ್ಯರು ಮತ್ತು ಆಹಾರತಜ್ಞೆ ಸೇರಿ ಕೊಟ್ಟ ಉತ್ತರಗಳು.

ಪ್ರಶ್ನೆ: ಮಗನಿಗೆ ಐದು ವರ್ಷ. ವಾಲ್ಪ್ರೊಯೇಟ್, ಲೆವೆಟಿರಾಸಿಟಮ್ ಎರಡೂ ನಡೆಯುತ್ತಿದೆ. ಆದರೂ ವಾರಕ್ಕೆ ಮೂರ್ನಾಲ್ಕು ಸಲ ಫಿಟ್ಸ್ ಬರುತ್ತದೆ. ಮೈಸೂರಿನ ಡಾಕ್ಟರು ಕೀಟೋ ಪಥ್ಯ ಮಾಡಿ ನೋಡೋಣ ಅಂದಿದ್ದಾರೆ. ಪಥ್ಯ ಹಿಡಿದ ಮೇಲೆ ಮಾತ್ರೆ ಬಿಡಬಹುದಾ? ಮೊಬೈಲಿನಲ್ಲಿ ನೋಡಿಕೊಂಡು ನಾವೇ ಶುರು ಮಾಡಿದರೆ ಆಗುವುದಿಲ್ಲವೇ?
— ತಂದೆ, ಸೋಮವಾರಪೇಟೆ

ಉತ್ತರ: ಎರಡೂ ಬೇಡ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಿಡದೆ ಒಂದರ ಮೇಲೊಂದು ಬಂದು ಜೀವಕ್ಕೇ ಕುತ್ತಾಗಬಹುದು. ಕೀಟೋ ಪಥ್ಯ ಅಂದರೆ ಅನ್ನ, ಸಕ್ಕರೆ ತೀರಾ ಇಳಿಸಿ ಕೊಬ್ಬನ್ನು ಹೆಚ್ಚಿಸಿದ ಊಟ; ಆಗ ದೇಹ ಕೊಬ್ಬನ್ನು ಉರಿಸಿ ಕೀಟೋನ್ ಎಂಬ ವಸ್ತು ತಯಾರಿಸುತ್ತದೆ. ಪಥ್ಯ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಮೂರು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಮಾತ್ರೆಯ ಪ್ರಮಾಣದಲ್ಲಿ ಸಾಮಾನ್ಯವಾಗಿ ಬದಲಾವಣೆ ಮಾಡುವುದಿಲ್ಲ.

ನಿಮ್ಮ ಡಾಕ್ಟರು ಈ ಮಾತು ಎತ್ತಿದ್ದು ಸರಿಯಾದ ಹೊತ್ತಿನಲ್ಲೇ. ಸರಿಯಾಗಿ ಆರಿಸಿದ ಎರಡು ಔಷಧಿಗಳನ್ನು ಸಾಕಷ್ಟು ಪ್ರಮಾಣದಲ್ಲಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಮೂರನೆಯ ಮಾತ್ರೆಯಿಂದ ಪೂರ್ತಿ ನಿಲ್ಲುವ ಸಾಧ್ಯತೆ ತೀರಾ ಕಡಿಮೆ. ಪಥ್ಯವನ್ನು ಯೋಚಿಸಬೇಕಾದದ್ದು ಆಗಲೇ. ಇದು ಹೊಸ ಫ್ಯಾಷನ್ ಅಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ 1921ರಲ್ಲೇ ಮೂರ್ಛೆರೋಗಕ್ಕೆಂದು ಸೂಚಿಸಿದ ಚಿಕಿತ್ಸೆ. 2008ರಲ್ಲಿ ಲಂಡನ್ನಿನಿಂದ ಪ್ರಕಟವಾದ ಅಧ್ಯಯನದಲ್ಲಿ 145 ಮಕ್ಕಳಿದ್ದರು. ಮೂರು ತಿಂಗಳ ನಂತರ ನೋಡಿದಾಗ ಪಥ್ಯದಲ್ಲಿದ್ದವರ ಪೈಕಿ ಶೇ 38ರಷ್ಟು ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಪಥ್ಯವಿಲ್ಲದವರಲ್ಲಿ ಹಾಗಾದದ್ದು ಶೇ 6ರಷ್ಟು ಮಕ್ಕಳಿಗೆ ಮಾತ್ರ. ಅಂದರೆ ಎಲ್ಲರಿಗೂ ಫಲ ಕೊಡುವುದಿಲ್ಲ, ಆದರೆ ಪ್ರಯತ್ನಿಸದೆ ಬಿಡುವಂಥದ್ದೂ ಅಲ್ಲ.

ನೀವೇ ಶುರು ಮಾಡಬಾರದು ಅನ್ನುವುದಕ್ಕೆ ಗಟ್ಟಿಯಾದ ಕಾರಣವಿದೆ. ಕೆಲವು ಮಕ್ಕಳ ದೇಹಕ್ಕೆ ಹುಟ್ಟಿನಿಂದಲೇ ಕೊಬ್ಬನ್ನು ಉರಿಸಿ ಶಕ್ತಿ ಪಡೆಯುವ ಸಾಮರ್ಥ್ಯ ಇರುವುದಿಲ್ಲ. ಹೊರನೋಟಕ್ಕೆ ಅದು ಗೊತ್ತಾಗುವುದೂ ಇಲ್ಲ. ಅಂಥ ಮಗುವಿಗೆ ಅನ್ನ ಬಿಡಿಸಿ ಎಣ್ಣೆ ತಿನ್ನಿಸಿದರೆ ಪ್ರಜ್ಞೆ ತಪ್ಪಿ ಪ್ರಾಣವೇ ಹೋಗಬಹುದು. ಆದ್ದರಿಂದ ಮೊದಲು ರಕ್ತದಲ್ಲಿ ಅಸೈಲ್‌ಕಾರ್ನಿಟಿನ್, ಮೂತ್ರದಲ್ಲಿ ಆರ್ಗ್ಯಾನಿಕ್ ಆಸಿಡ್ ಪರೀಕ್ಷೆ ಆಗಬೇಕು. ಜೊತೆಗೆ ಲಿವರ್, ಕಿಡ್ನಿ, ಕೊಲೆಸ್ಟರಾಲ್, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡುತ್ತಾರೆ. ಫಿಟ್ಸ್ ಬಂದ ದಿನ, ಹೊತ್ತು, ಎಷ್ಟು ನಿಮಿಷ ಇತ್ತು ಎಂಬುದನ್ನು ಇವತ್ತಿನಿಂದಲೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಥ್ಯಕ್ಕೆ ಮುಂಚಿನ ಒಂದು ತಿಂಗಳ ಲೆಕ್ಕ ಇಲ್ಲದಿದ್ದರೆ ಗುಣ ಬಂತೋ ಇಲ್ಲವೋ ಎಂದು ಯಾರೂ ಹೇಳಲಾರರು.

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ, 14 ಕೆ.ಜಿ. ಆಸ್ಪತ್ರೆಯಲ್ಲಿ 3:1 ಪಥ್ಯ, ದಿನಕ್ಕೆ 1,000 ಕ್ಯಾಲೊರಿ ಎಂದು ಬರೆದುಕೊಟ್ಟಿದ್ದಾರೆ. ನಮ್ಮ ಮನೆ ಊಟದಲ್ಲಿ ಇದನ್ನು ಹೊಂದಿಸುವುದು ಹೇಗೆ ಮೇಡಂ? ಅಕ್ಕಿರೊಟ್ಟಿ, ಕಡಂಬುಟ್ಟು ಒಂಚೂರು ಕೊಟ್ಟರೆ ತಪ್ಪೇ? ಪಂದಿಕರಿ ಕೊಡಬಹುದೇ? ಅಜ್ಜಿ ಕೈಯಿಂದ ಏನಾದರೂ ತಿನ್ನಿಸುತ್ತಲೇ ಇರುತ್ತಾರೆ.
— ತಾಯಿ, ಪೊನ್ನಂಪೇಟೆ

ಉತ್ತರ: 3:1 ಅಂದರೆ ಮೂರು ಗ್ರಾಂ ಕೊಬ್ಬಿಗೆ ಒಂದು ಗ್ರಾಂ ಪ್ರೋಟೀನ್ ಮತ್ತು ಪಿಷ್ಟ, ಅವೆರಡೂ ಸೇರಿ. ಮಗಳ ಲೆಕ್ಕದಲ್ಲಿ ದಿನಕ್ಕೆ ಸುಮಾರು 97 ಗ್ರಾಂ ಕೊಬ್ಬು, ಪ್ರೋಟೀನು ಪಿಷ್ಟ ಎರಡೂ ಸೇರಿ 32 ಗ್ರಾಂ. ಬೆಳೆಯುವ ಮಗುವಿಗೆ ಪ್ರೋಟೀನು 15-16 ಗ್ರಾಮಾದರೂ ಬೇಕು. ಹಾಗಾಗಿ ಇಡೀ ದಿನದ ಪಿಷ್ಟಕ್ಕೆ ಉಳಿಯುವುದು 16 ಗ್ರಾಂ. ಈಗ ರೊಟ್ಟಿ ನೋಡಿ: 50 ಗ್ರಾಂ ಅಕ್ಕಿಹಿಟ್ಟಿನ ಒಂದೇ ರೊಟ್ಟಿಯಲ್ಲಿ 40 ಗ್ರಾಂ ಪಿಷ್ಟ. ಕಡಂಬುಟ್ಟೂ ಅಕ್ಕಿಯ ಉಂಡೆಯೇ. ಒಂದು ಚಮಚ ಕಾಡುಜೇನಿನಲ್ಲಿ ಸುಮಾರು 6 ಗ್ರಾಂ ಸಕ್ಕರೆ. ಪುತ್ತರಿಯ ತಂಬಿಟ್ಟು ಬಾಳೆಹಣ್ಣಿನದು, ಕಕ್ಕಡ 18ರ ಮದ್ದುಪಾಯಸ ಅಕ್ಕಿ ಬೆಲ್ಲದ್ದು. ಒಂದು ತುತ್ತಿಗೆ ಕೀಟೋನ್ ಇಳಿದು, ಅದೇ ದಿನ ಫಿಟ್ಸ್ ಮರಳಬಹುದು. ಅಜ್ಜಿಗೆ "ಕೊಡಬೇಡಿ" ಅಂದರೆ ಮನಸ್ಸು ನೋಯುತ್ತದೆ. ಅದರ ಬದಲು ತಕ್ಕಡಿಯನ್ನೇ ಅವರ ಕೈಗೆ ಕೊಡಿ, ದಿನಕ್ಕೊಂದು ಊಟ ಅವರೇ ತೂಗಿ ತಿನ್ನಿಸಲಿ. ತೂಗಿದ ಮೇಲೆ ಅದು ಮದ್ದು ಎನ್ನುವುದು ಅವರಿಗೂ ತಿಳಿಯುತ್ತದೆ.

ಹೊತ್ತಿಗೊಂದರಂತೆ ನಾಲ್ಕು ಊಟ ಮಾಡಿದರೆ ಒಂದೂಟಕ್ಕೆ 24 ಗ್ರಾಂ ಕೊಬ್ಬು, ಉಳಿದವೆರಡೂ ಸೇರಿ 8 ಗ್ರಾಂ. ಮಾದರಿಗೆ ಒಂದು ಊಟ: ಚಿಪ್ಪು ತೆಗೆದ ಮೊಟ್ಟೆ 50 ಗ್ರಾಂ, ಬಟರ್‌ಫ್ರೂಟ್ ತಿರುಳು 30 ಗ್ರಾಂ, ಕೊಬ್ಬರಿ ಎಣ್ಣೆ 15 ಗ್ರಾಂ. ಮೊಟ್ಟೆಯನ್ನು ಅರ್ಧ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ಇನ್ನರ್ಧವನ್ನು ಬಟರ್‌ಫ್ರೂಟ್ ಜೊತೆ ಕಿವುಚಿ ಮೇಲೆ ಹಾಕಿ. ಇದರಲ್ಲಿ ಕೊಬ್ಬು ಸುಮಾರು 24.5 ಗ್ರಾಂ, ಉಳಿದದ್ದು 8. ಲೆಕ್ಕ ಕೆಡುವುದು ಹೆಚ್ಚಾಗಿ ಬಾಣಲೆಯಲ್ಲೇ. ತಳದಲ್ಲಿ ಎಣ್ಣೆ ಮಿನುಗುತ್ತಿದ್ದರೆ ಅದು ಮಗುವಿನ ಹೊಟ್ಟೆಗೆ ಹೋಗಿಲ್ಲ. ಅಂಗೈಯಗಲದ ಬಾಣಲೆ ಇಟ್ಟುಕೊಳ್ಳಿ, ರಬ್ಬರ್ ಸೌಟಿನಿಂದ ಕೊನೆಯ ಹನಿವರೆಗೂ ಕೆರೆದು ತಟ್ಟೆಗೆ ಹಾಕಿ. ತಕ್ಕಡಿ ಒಂದು ಗ್ರಾಮಿನ ವ್ಯತ್ಯಾಸ ತೋರಿಸುವ ಡಿಜಿಟಲ್ ಆಗಿರಲಿ. ಚಮಚದ ಅಳತೆ ನಂಬಬೇಡಿ. ಮಳೆಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಚಮಚದ ಮೇಲೆ ಗೋಪುರವಾಗಿ ನಿಲ್ಲುತ್ತದೆ.

ಕೊಡಗಿನ ತೋಟಗಳಲ್ಲೇ ಬಟರ್‌ಫ್ರೂಟ್ ಬೆಳೆಯುವುದು ನಿಮಗೊಂದು ಅನುಕೂಲ. ಆದರೆ ಎಲ್ಲ ಹಣ್ಣೂ ಒಂದೇ ಅಲ್ಲ: ನೀರು ಹೆಚ್ಚಿರುವ ದೊಡ್ಡ ಹಣ್ಣಿನಲ್ಲಿ ಕೊಬ್ಬು ಕಡಿಮೆ. ಒಂದೇ ಮರದ ಹಣ್ಣು ಬಳಸಿದರೆ ಏರುಪೇರು ತಪ್ಪುತ್ತದೆ. ಕಣಿಲೆ, ಅಣಬೆ, ಕೆಸುವಿನ ಸೊಪ್ಪು ಅಳತೆಯಲ್ಲಿ ಸರಿ. ಕೆಸುವಿನ ಗೆಡ್ಡೆ ಬೇಡ. ಹಂದಿಮಾಂಸ ಈ ಪಥ್ಯಕ್ಕೆ ಹೇಳಿ ಮಾಡಿಸಿದಂತಿದೆ, ಆದರೆ ಮನೆಮಂದಿಗೆ ಮಾಡಿದ ಪಾತ್ರೆಯಿಂದ ತೆಗೆದ ತುಂಡನ್ನು ಲೆಕ್ಕ ಹಾಕಲಾಗದು. ಒಂದರಲ್ಲಿ ಕೊಬ್ಬಿನ ಪದರ ಹೆಬ್ಬೆರಳಷ್ಟು, ಇನ್ನೊಂದರಲ್ಲಿ ಉಗುರಷ್ಟು. ಹಸಿಯಾಗಿದ್ದಾಗಲೇ ಮಾಂಸ ಬೇರೆ, ಕೊಬ್ಬು ಬೇರೆ ತೂಗಿ, ಸಣ್ಣ ಪಾತ್ರೆಯಲ್ಲಿ ಈರುಳ್ಳಿ ಇಲ್ಲದೆ ಚೆನ್ನಾಗಿ ಬೇಯಿಸಿ. ಎರಡು ಹನಿ ಕಾಚಂಪುಳಿಯಿಂದ (ಕೊಡಗಿನ ಕಪ್ಪು ಹುಳಿರಸ) ತೊಂದರೆಯಿಲ್ಲ. ಬೇಯುವಾಗ ಕರಗಿ ಬಿಟ್ಟ ಕೊಬ್ಬನ್ನೂ ಮಗುವೇ ತಿನ್ನಬೇಕು.

ಈ ತೂಕದ ಮಗುವಿಗೆ ದಿನಕ್ಕೆ ಸುಮಾರು 1,200 ಮಿ.ಲೀ. ನೀರು ಬೇಕು. ಚಳಿಗೆ ಮಕ್ಕಳು ನೀರು ಕೇಳುವುದೇ ಇಲ್ಲ. ಕುಡಿಯದಿದ್ದರೆ ಮಲ ಕಟ್ಟುತ್ತದೆ, ಕಿಡ್ನಿಯಲ್ಲಿ ಕಲ್ಲಾಗಬಹುದು. ಟೋಪಿರಾಮೇಟ್ ಅಥವಾ ಜೋನಿಸಮೈಡ್ ಎಂಬ ಫಿಟ್ಸ್ ಮಾತ್ರೆ ಕೂಡ ನಡೆಯುತ್ತಿದ್ದರೆ ಕಲ್ಲಿನ ಅಪಾಯ ಇನ್ನೂ ಹೆಚ್ಚು. ಸಕ್ಕರೆಯಿಲ್ಲದ ಮಲ್ಟಿವಿಟಮಿನ್, ಕ್ಯಾಲ್ಸಿಯಂ, ವಿಟಮಿನ್ ಡಿ ಪ್ರತಿದಿನ ಕಡ್ಡಾಯ. ಊಟ ಎಷ್ಟೇ ಚೆನ್ನಾಗಿದ್ದರೂ ಈ ಪಥ್ಯದಲ್ಲಿ ಅವು ಸಾಲುವುದಿಲ್ಲ. ಅಂಗನವಾಡಿಗೆ ಕಳಿಸುವುದಾದರೆ ಡಬ್ಬಿಯೊಂದಿಗೆ, "ಚಿಕ್ಕಿ, ಬಾಳೆಹಣ್ಣು, ಸಿಹಿಹಾಲು ಬೇಡ" ಎಂಬ ಚೀಟಿಯೂ ಇರಲಿ.

ಪ್ರಶ್ನೆ: ಎರಡು ತಿಂಗಳು ಫಿಟ್ಸ್ ಇರಲಿಲ್ಲ. ಮೊನ್ನೆ ಜ್ವರ, ಕೆಮ್ಮು ಬಂತು, ಮೂರು ದಿನ ಸಿರಪ್ ಕೊಟ್ಟೆವು. ಊಟದಲ್ಲಿ ಏನೂ ತಪ್ಪಲಿಲ್ಲ, ಆದರೂ ಫಿಟ್ಸ್ ಬಂತು. ಪಥ್ಯ ಸೋತಿತೇ?
— ನಾಪೋಕ್ಲು

ಉತ್ತರ: ಸೋತಿಲ್ಲ. ಜ್ವರವೇ ಫಿಟ್ಸನ್ನು ಕೆರಳಿಸುತ್ತದೆ, ಅದರ ಮೇಲೆ ಸಿರಪ್. 5 ಮಿ.ಲೀ. ಸಿಹಿ ಸಿರಪ್‌ನಲ್ಲಿ 2-3 ಗ್ರಾಂ ಸಕ್ಕರೆ ಇರಬಹುದು. ಜ್ವರದ್ದು, ಕೆಮ್ಮಿನದ್ದು ಸೇರಿ ದಿನಕ್ಕೆ ಐದಾರು ಸಲ ಕೊಟ್ಟರೆ ಇಡೀ ದಿನದ ಪಿಷ್ಟದ ಪಾಲು ಅದರಲ್ಲೇ ಮುಗಿಯುತ್ತದೆ. "ಷುಗರ್ ಫ್ರೀ" ಎಂದು ಬರೆದದ್ದರಲ್ಲೂ ಸಾರ್ಬಿಟಾಲ್ ಎಂಬ ಸಿಹಿ ವಸ್ತು ಇರಬಹುದು, ಅದೂ ಲೆಕ್ಕಕ್ಕೆ ಬರುತ್ತದೆ. ಜ್ವರಕ್ಕೆ ಪ್ಯಾರಸಿಟಮಾಲ್ ಗುದದ್ವಾರದಲ್ಲಿ ಇಡುವ ಮಾತ್ರೆ, ಇಲ್ಲವೇ ತೂಕಕ್ಕೆ ತಕ್ಕಷ್ಟು ಮಾತ್ರೆಯ ಪುಡಿ ಬರೆಸಿಕೊಳ್ಳಿ. ಫಿಟ್ಸ್ ಔಷಧಿಯೂ ಸಿರಪ್ ರೂಪದಲ್ಲಿದ್ದರೆ ಮಾತ್ರೆಗೆ ಬದಲಿಸಲು ಕೇಳಿ. ಲೆವೆಟಿರಾಸಿಟಮ್‌ನ ಸಾದಾ ಮಾತ್ರೆ ಪುಡಿ ಮಾಡಬಹುದು, ಕಹಿ ಅಷ್ಟೆ. ವಾಲ್ಪ್ರೊಯೇಟ್‌ನ ನಿಧಾನವಾಗಿ ಕರಗುವ ಮಾತ್ರೆಯನ್ನು ಮಾತ್ರ ಕುಟ್ಟಬಾರದು; ಒಂದೇ ಸಲಕ್ಕೆ ಹೆಚ್ಚು ಔಷಧಿ ರಕ್ತಕ್ಕೆ ಸೇರಿಬಿಡುತ್ತದೆ.

ಕಾಯಿಲೆ ಬಿದ್ದಾಗ ಇದರ ಉಲ್ಟಾ ಕೂಡ ಆಗುತ್ತದೆ. ಮಗು ಉಣ್ಣದೆ, ವಾಂತಿ ಮಾಡಿಕೊಂಡು ಕೀಟೋನ್ ಮಿತಿಮೀರಿ ಏರಬಹುದು. ಮುಖ ಕೆಂಪಾಗಿ, ಏದುಸಿರು ಬಿಡುತ್ತಾ, ಮಂಪರಿಗೆ ಜಾರುತ್ತಿದ್ದರೆ ಅದೇ ಗುರುತು. ಎಚ್ಚರವಿದ್ದು ನುಂಗಬಲ್ಲ ಮಗುವಿಗೆ 30 ಮಿ.ಲೀ. ಕಿತ್ತಳೆ ರಸ ಕುಡಿಸಿ, 15-20 ನಿಮಿಷ ನೋಡಿ. ಚೇತರಿಸದಿದ್ದರೆ ಆಸ್ಪತ್ರೆಗೆ ಹೊರಡಿ. ಪಥ್ಯದ ಮನೆಯಲ್ಲಿ ಕಿತ್ತಳೆ ಮದ್ದಾಗುವುದು ಆ ಹೊತ್ತಿಗೆ ಮಾತ್ರ. ಮಗುವಿನ ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿಡಿ: "ಕೀಟೋ ಪಥ್ಯದಲ್ಲಿದೆ. ಮೊದಲು ರಕ್ತದ ಸಕ್ಕರೆ ನೋಡಿ. ಅದು ಕಡಿಮೆ ಇಲ್ಲದಿದ್ದರೆ ಗ್ಲೂಕೋಸ್ ಡ್ರಿಪ್ ಬೇಡ, ನಾರ್ಮಲ್ ಸಲೈನ್ ಹಾಕಿ." ರಾತ್ರಿ ಪಾಳಿಯ ಡಾಕ್ಟರಿಗೆ ಇದು ಕಣ್ಣಿಗೆ ಬೀಳಬೇಕು.

ಪ್ರಶ್ನೆ: ಜೂನ್‌ನಿಂದ ಕೀಟೋನ್ ಪಟ್ಟಿ ಬಣ್ಣವೇ ತಿರುಗುತ್ತಿಲ್ಲ. ಮಗು ಮಾತ್ರ ಚೆನ್ನಾಗಿದೆ.
— ಭಾಗಮಂಡಲ

ಉತ್ತರ: ಪಟ್ಟಿ ತೇವ ಹಿಡಿದಿರಬೇಕು. ನಿಮ್ಮೂರಿನ ಮಳೆಗೆ ಮುಚ್ಚಳ ಸ್ವಲ್ಪ ಸಡಿಲವಿದ್ದರೂ ಸಾಕು. ಡಬ್ಬಿಯೊಳಗಿನ ತೇವ ಹೀರುವ ಪೊಟ್ಟಣ ಎಸೆಯಬೇಡಿ, ಒಣಗೈಯಿಂದ ಒಂದೇ ಪಟ್ಟಿ ತೆಗೆದು ತಕ್ಷಣ ಮುಚ್ಚಿ, ಬಚ್ಚಲಲ್ಲಿ ಇಡಬೇಡಿ. ಮೂತ್ರದಲ್ಲಿ ಅದ್ದಿದ ಮೇಲೆ ಡಬ್ಬಿಯ ಮೇಲೆ ಬರೆದಷ್ಟೇ ಸೆಕೆಂಡಿಗೆ ಬಣ್ಣ ನೋಡಿ. 80ರಿಂದ 160 (ಮಿ.ಗ್ರಾಂ/ಡೆ.ಲೀ.) ತೋರಿಸುವ ಗಾಢ ನೇರಳೆ ಬರಬೇಕು. ಬೆಳಿಗ್ಗೆ ಕಡಿಮೆ, ಸಂಜೆ ಹೆಚ್ಚು ಇರುವುದು ಸಹಜ. ಹೊಸ ಡಬ್ಬಿಯಲ್ಲೂ ಬರದಿದ್ದರೆ ಆಹಾರತಜ್ಞರಿಗೆ ಫೋನ್ ಮಾಡಿ, ನೀವೇ ಎಣ್ಣೆ ಹೆಚ್ಚಿಸಬೇಡಿ.

ಪ್ರಶ್ನೆ: ನಾವು ತೋಟದ ಲೈನ್‌ಮನೆಯಲ್ಲಿರುವವರು. ರಾತ್ರಿ ಮಗನಿಗೆ ಫಿಟ್ಸ್ ಬಂದರೆ ಜೀಪು ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ಒಂದು ಗಂಟೆ ದಾಟುತ್ತದೆ. ಕೈಗೆ ಕಬ್ಬಿಣ ಕೊಡುತ್ತೇವೆ. ಬೇರೇನು ಮಾಡಬೇಕು ಡಾಕ್ಟರೇ? ತೂಕ 15 ಕೆ.ಜಿ.
— ಸಿದ್ದಾಪುರ

ಉತ್ತರ: ಕಬ್ಬಿಣ, ಈರುಳ್ಳಿ, ಚಪ್ಪಲಿ ಯಾವುದೂ ಫಿಟ್ಸ್ ನಿಲ್ಲಿಸುವುದಿಲ್ಲ. ಮೊದಲು ಗಡಿಯಾರ ನೋಡಿ. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. ಬಾಯಿಗೆ ಚಮಚ, ಬೆರಳು, ನೀರು ಏನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ.

ನಿಮ್ಮಂಥ ದೂರದ ಮನೆಯಲ್ಲಿ ಮಿಡಜೋಲಾಮ್ ಮೂಗಿನ ಸ್ಪ್ರೇ ಇರಲೇಬೇಕು. ಡಾಕ್ಟರ ಚೀಟಿಗೆ ಸಿಗುತ್ತದೆ. ಐದು ನಿಮಿಷಕ್ಕೂ ಫಿಟ್ಸ್ ನಿಲ್ಲದಿದ್ದರೆ ಕೊಡುವುದು. ಸಾಮಾನ್ಯ ಅಳತೆ ಕೆ.ಜಿ.ಗೆ 0.2 ಮಿ.ಗ್ರಾಂ, ಅಂದರೆ ಮಗನಿಗೆ 3 ಮಿ.ಗ್ರಾಂ. ಒಂದು ಒತ್ತಿಗೆ 0.5 ಮಿ.ಗ್ರಾಂ ಬರುವ ಬಾಟಲಿಯಾದರೆ ಆರು ಒತ್ತು, ಒಂದೊಂದು ಹೊಳ್ಳೆಗೆ ಮೂರು. ಒತ್ತಿಗೆ 1.25 ಮಿ.ಗ್ರಾಂ ಬರುವ ಬಾಟಲಿಗಳೂ ಇವೆ. ಆದ್ದರಿಂದ ಎಷ್ಟು ಒತ್ತು ಎಂದು ಡಾಕ್ಟರಿಂದಲೇ ಬಾಟಲಿಯ ಮೇಲೆ ಬರೆಸಿ. ಹೊಸ ಬಾಟಲಿಯ ಮೊದಲ ಒತ್ತುಗಳಲ್ಲಿ ಬರೀ ಗಾಳಿ ಬರುತ್ತದೆ; ತಂದ ದಿನವೇ ಗಾಳಿಗೆ ಒತ್ತಿ ಮಂಜಿನಂತೆ ಚಿಮ್ಮುವುದನ್ನು ನೋಡಿಡಿ. ಸ್ಪ್ರೇ ಹಾಕಿದೊಡನೆ ಜೀಪಿಗೆ ಹೇಳಿ ಕಳಿಸಿ, ದಾರಿಯುದ್ದಕ್ಕೂ ಎದೆ ಏರಿಳಿಯುತ್ತಿದೆಯೇ ನೋಡುತ್ತಿರಿ. ಡಾಕ್ಟರು ಹೇಳದೆ ಎರಡನೇ ಸಲ ಕೊಡಬೇಡಿ, ಉಸಿರು ಕುಗ್ಗಬಹುದು. ಮಳೆಗಾಲಕ್ಕೆ ಮುಂಚೆ ಹದಿನೈದು ದಿನದ ಮಾತ್ರೆ ಹೆಚ್ಚಿಗೆ ತಂದಿಡಿ. ರಸ್ತೆ ಕುಸಿದು ಎರಡು ದಿನ ಮಾತ್ರೆ ತಪ್ಪಿದರೂ ಫಿಟ್ಸ್ ಮರಳಬಹುದು.

ಪ್ರಶ್ನೆ: ಸ್ಕ್ಯಾನಿಂಗ್‌ನಲ್ಲಿ ಮಗನ ಮೆದುಳಲ್ಲಿ ಹುಳುವಿನ ಗಂಟು ಇದೆಯೆಂದರು. ಹಂದಿಮಾಂಸ ತಿಂದದ್ದರಿಂದ ಎಂದು ನೆಂಟರು ಬೈಯುತ್ತಿದ್ದಾರೆ.
— ಗೋಣಿಕೊಪ್ಪ

ಉತ್ತರ: ನೇರ ಕಾರಣ ಅದಲ್ಲ. ಸರಿಯಾಗಿ ಬೇಯದ ಹಂದಿಮಾಂಸದಿಂದ ಹೊಟ್ಟೆಯಲ್ಲಿ ಲಾಡಿಹುಳು ಆಗುತ್ತದೆ. ಮೆದುಳಿಗೆ ಗಂಟು ಬರುವುದು ಆ ಹುಳುವಿನ ಮೊಟ್ಟೆಯಿಂದ. ಲಾಡಿಹುಳು ಇರುವ ಮನುಷ್ಯನ ಮಲದಿಂದ ಮೊಟ್ಟೆಗಳು ಮಣ್ಣು, ನೀರು, ತರಕಾರಿ, ಕೈಗಳಿಗೆ ಸೇರಿ ಇನ್ನೊಬ್ಬರ ಬಾಯಿಗೆ ಹೋಗುತ್ತವೆ. ಮಾಂಸವನ್ನೇ ಮುಟ್ಟದ ಮಕ್ಕಳಲ್ಲೂ ಈ ಗಂಟು ಕಾಣುತ್ತದೆ. ಹುಳುವಿನ ಮಾತ್ರೆ ಆಲ್ಬೆಂಡಜೋಲ್ ಅನ್ನು ಅಂಗಡಿಯಿಂದ ತಂದು ನೀವೇ ನುಂಗಿಸಬೇಡಿ. ಹುಳು ಸಾಯುವಾಗ ಮೆದುಳು ಊದಿಕೊಂಡು ಫಿಟ್ಸ್ ಹೆಚ್ಚಾಗಬಹುದು. ಅದಕ್ಕೇ ಜೊತೆಯಲ್ಲಿ ಸ್ಟೀರಾಯ್ಡ್ ಮತ್ತು ಫಿಟ್ಸ್ ಮಾತ್ರೆ ಕೊಡುತ್ತಾರೆ. ಮನೆಯವರೆಲ್ಲರ ಮಲಪರೀಕ್ಷೆ ಮಾಡಿಸಿ.

ಪ್ರಶ್ನೆ: ಮಗಳಿಗೆ 15 ವರ್ಷ. ವಾಲ್ಪ್ರೊಯೇಟ್‌ನಲ್ಲಿ ಎರಡು ವರ್ಷದಿಂದ ಫಿಟ್ಸ್ ಇಲ್ಲ. ನಿಲ್ಲಿಸಬಹುದೇ?
— ಮಡಿಕೇರಿ

ಉತ್ತರ: ಎಷ್ಟೋ ಮಕ್ಕಳಲ್ಲಿ ಎರಡು ವರ್ಷದ ನಂತರ ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಿ ನಿಲ್ಲಿಸುತ್ತಾರೆ. ಆದರೆ ಒಂದು ಮಾತು ಮಗಳನ್ನೇ ಕೇಳಿ: ಬೆಳಿಗ್ಗೆ ಎದ್ದ ಹೊಸದರಲ್ಲಿ ಕೈ ತಟಕ್ಕನೆ ಅದುರಿ ಬ್ರಷ್ಷು, ಲೋಟ ಜಾರುತ್ತದೆಯೇ, ಮುಖ್ಯವಾಗಿ ನಿದ್ದೆಗೆಟ್ಟ ಮರುದಿನ? ಹೌದಾದರೆ ಅದು ಹರೆಯದಲ್ಲಿ ಶುರುವಾಗುವ ಬೇರೆ ಬಗೆ. ಮಾತ್ರೆ ಬಿಟ್ಟರೆ ಹೆಚ್ಚಿನವರಿಗೆ ಫಿಟ್ಸ್ ಮರಳುತ್ತದೆ. ಇನ್ನೊಂದು ವಿಷಯ, ವಾಲ್ಪ್ರೊಯೇಟ್ ಮುಂದೆ ಬಸುರಿನಲ್ಲಿ ಮಗುವಿಗೆ ಹಾನಿ ಮಾಡುವ ಔಷಧಿ. ಮದುವೆಯ ಮಾತು ಬರುವವರೆಗೆ ಕಾಯದೆ, ಬದಲಿ ಔಷಧಿಯ ಬಗ್ಗೆ ಈ ಸಲದ ಭೇಟಿಯಲ್ಲೇ ನರರೋಗ ತಜ್ಞರನ್ನು ಕೇಳಿ. ಮಾತ್ರೆ ಇಳಿಸುವ ತಿಂಗಳುಗಳಲ್ಲಿ ಕೆರೆಗೆ, ಹೊಳೆಗೆ ಒಬ್ಬಳೇ ಇಳಿಯುವುದು ಬೇಡ, ಬಚ್ಚಲಿನ ಚಿಲಕ ಒಳಗಿಂದ ಹಾಕುವುದೂ ಬೇಡ.